ಡ್ರಗ್ಸ್ ಬಿಡಿಸೋಕೆ ಬಹುಮಾನ ಪದ್ಧತಿ: ಯಾವುದಾದ್ಮೇಲೆ ಯಾವುದು ಮಾಡ್ಬೇಕು, ಎಲ್ಲಿ ಕೈಕೊಡತ್ತೆ (ಸಮಗ್ರ ಮಾರ್ಗದರ್ಶಿ)

"ಬಹುಮಾನ ಕೊಟ್ಟು ಬಿಡಿಸೋದನ್ನ ನಾವೂ ಟ್ರೈ ಮಾಡಿದ್ವಿ, ಏನೂ ಆಗ್ಲಿಲ್ಲ" ಅನ್ನೋರನ್ನ ಕೂರಿಸ್ಕೊಂಡು ಏನ್ ಮಾಡಿದ್ರಿ ಅಂತ ಬಿಡಿಸಿ ಕೇಳಿದ್ರೆ ಸಿಗೋ ಉತ್ತರ ಹೆಚ್ಚೂಕಮ್ಮಿ ಎರಡೇ. ಮನೆಯೋರಾದ್ರೆ "ಆರು ತಿಂಗ್ಳು ಮುಟ್ಟದೇ ಇದ್ರೆ ಬೈಕ್ ಕೊಡಿಸ್ತೀವಿ ಅಂದಿದ್ವಿ", ಸೆಂಟರ್ ನಡೆಸೋರಾದ್ರೆ "ತಿಂಗಳ ಕೊನೇಲಿ ಚೆನ್ನಾಗಿ ನಡ್ಕೊಂಡೋರಿಗೆ ಶಾಲು ಹೊದಿಸಿ ಸರ್ಟಿಫಿಕೇಟ್ ಕೊಟ್ವಿ". ಎರಡ್ರಲ್ಲೂ ಬಹುಮಾನ ತುಂಬಾ ದೂರ ಇದೆ, ಯಾವುದಕ್ಕೆ ಕೊಡ್ತಿದೀವಿ ಅನ್ನೋದು ಸ್ಪಷ್ಟ ಇಲ್ಲ, ಟೆಸ್ಟಂತೂ ಇಲ್ವೇ ಇಲ್ಲ.

ಸರಿಯಾದ ಬಹುಮಾನ ಪದ್ಧತಿಗೆ ಡಾಕ್ಟರುಗಳು ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಅಂತಾರೆ, ಚಿಕ್ಕದಾಗಿ ಸಿಎಂ. ನಡೆಯೋ ರೀತಿ ಇಷ್ಟೇ: ವಾರಕ್ಕೆ ಎರಡ್ಮೂರು ಸಲ ಯೂರಿನ್ ಟೆಸ್ಟ್, ಕ್ಲೀನ್ ಬಂದ್ರೆ ಅಲ್ಲೇ ನಿಂತಲ್ಲೇ ಬೆಲೆ ಇರೋ ಒಂದು ವಸ್ತು ಕೈಗೆ, ಸತತವಾಗಿ ಕ್ಲೀನ್ ಬರ್ತಾ ಹೋದ್ರೆ ಮೊತ್ತ ಏರತ್ತೆ, ತಪ್ಪಿದ್ರೆ ಅವತ್ತು ಏನೂ ಇಲ್ಲ ಮತ್ತು ಮೊತ್ತ ಕೆಳಕ್ಕೆ. ಕೊಕೇನ್, ಮೆತ್ (ಮೆತಾಂಫೆಟಮಿನ್) ತರದ್ದಕ್ಕೆ ಒಪ್ಪಿಗೆ ಆಗಿರೋ ಔಷಧಿ ಇನ್ನೂ ಇಲ್ಲ, ಹಾಗಾಗಿ ಅವುಕ್ಕೆ ಇದೇ ಮುಖ್ಯ ಚಿಕಿತ್ಸೆ. ಬ್ರೌನ್ ಶುಗರ್ (ಹೆರಾಯಿನ್), ನೋವಿನ ಮಾತ್ರೆ ಚಟಕ್ಕೆ ಔಷಧಿ ಇದೆ, ಅಲ್ಲಿ ಇದು ಔಷಧಿ ಜೊತೆಗೆ, ಔಷಧಿ ಬದಲಿಗೆ ಖಂಡಿತ ಬೇಡ.

ಬರೀತಿರೋದು ಮುಖ್ಯವಾಗಿ ಹೊರರೋಗಿ ವಿಭಾಗ ಇರೋ ಸಣ್ಣ ಸೆಂಟರ್‌ಗಳ ಕೌನ್ಸೆಲರ್‌ಗಳಿಗೆ. ಮನೆಯೋರಿಗೆ ಕೆಳಗೆ ಒಂದು ಬೇರೆ ಭಾಗ ಇದೆ, ಆದ್ರೆ ಮೊದಲಿಂದ ಓದಿ, ನೇರ ಅಲ್ಲಿಗೇ ಹಾರ್ಬೇಡಿ.

## ಹಂತ 1: ಶುರು ಮಾಡೋಕೂ ಮುಂಚೆ ಡಾಕ್ಟರ್ ನೋಡ್ಲೇಬೇಕು

ಕುಡಿತ, ನಿದ್ದೆ ಮಾತ್ರೆ (ಆಲ್ಪ್ರಜೋಲಾಮ್, ನೈಟ್ರಜೆಪಾಮ್ ತರದ್ದು) ಜಾಸ್ತಿ ಇರೋರಿಗೆ "ನಾಳೆಯಿಂದ ಬಿಟ್ರೆ ದುಡ್ಡು" ಅಂತ ಆಸೆ ತೋರಿಸೋದು ಅಪಾಯ. ಅವರು ನಿಜವಾಗ್ಲೂ ಬಿಟ್ಬಿಡ್ತಾರೆ, ಆಮೇಲೆ ಎರಡ್ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಕೈ ನಡುಕ, ಬೆವರು, ಇಲ್ಲದ್ದು ಕಾಣೋದು ಕೇಳ್ಸೋದು ಶುರುವಾಗಬಹುದು, ಜೀವಕ್ಕೇ ಕುತ್ತಾಗಬಹುದು. ಮೊದಲು ಡಾಕ್ಟರ್ ಕೈಕೆಳಗೆ ಡಿಟಾಕ್ಸ್ ಮುಗೀಬೇಕು, ಬಹುಮಾನ ಆಮೇಲೆ.

ಹೆರಾಯಿನ್, ಟಪೆಂಟಡಾಲ್ (ಒಂದು ನೋವಿನ ಮಾತ್ರೆ) ತರದ್ದು ತಗೊಳ್ಳೋರಲ್ಲಿ ಅಪಾಯ ಬೇರೆ ತರ. ಕೆಲವು ವಾರ ಬಿಟ್ಟ ಮೇಲೆ ದೇಹ ಹಳೇ ಡೋಸ್ ತಡ್ಕೊಳಲ್ಲ, ಜಾರಿ ಹಳೇ ಅಳತೇಲೇ ತಗೊಂಡ್ರೆ ಉಸಿರು ನಿಲ್ಲಬಹುದು. ಇದನ್ನ ಅವರಿಗೂ ಮನೆಯೋರಿಗೂ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಉಸಿರು ನಿಧಾನ ಆಗೋದು, ತುಟಿ ನೀಲಿ ಆಗೋದು, ಎಬ್ಬಿಸಿದ್ರೂ ಏಳದೇ ಇರೋದು ಕಂಡ್ರೆ ತಕ್ಷಣ 108ಕ್ಕೆ ಫೋನ್. ಡಾಕ್ಟರ್ ಬುಪ್ರೆನಾರ್ಫಿನ್ (ಈ ಚಟಕ್ಕೇ ಕೊಡೋ ಔಷಧಿ) ಕೊಟ್ಟಿದ್ರೆ ಅದು ಚಿಕಿತ್ಸೆ, "ಅದೂ ಒಂದು ಡ್ರಗ್ಗೇ, ಅದನ್ನೂ ಬಿಟ್ರೆ ಮಾತ್ರ ಬಹುಮಾನ" ಅನ್ನೋ ಷರತ್ತು ದಯವಿಟ್ಟು ಹಾಕ್ಬೇಡಿ, ಇದನ್ನ ಮಾಡೋ ಸೆಂಟರ್‌ಗಳು ಇವೆ, ಅದಕ್ಕೇ ಹೇಳ್ತಿದೀನಿ.

ಮೆತ್, ಕೊಕೇನ್ ಬಿಟ್ಟ ಮೊದಲ ದಿನಗಳಲ್ಲಿ ಮನಸ್ಸು ಪೂರ್ತಿ ಕುಸಿಯತ್ತೆ. ಸಾಯೋ ಮಾತು ಆಡಿದ್ರೆ ಟೆಸ್ಟು ಬಹುಮಾನ ಎಲ್ಲಾ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಯಾವ ಹೊತ್ತಲ್ಲಾದ್ರೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡ್ತಾರೆ.

## ಹಂತ 2: ಗುರಿ ಒಂದೇ ಇರ್ಲಿ

"ಒಳ್ಳೆಯವನಾಗ್ಬೇಕು" ಗುರಿ ಅಲ್ಲ. "ಎಲ್ಲಾ ಚಟ ಬಿಡ್ಬೇಕು" ಕೂಡ ಅಲ್ಲ. ಮೆತ್, ಗಾಂಜಾ, ಸಿಗರೇಟ್, ಬಿಯರ್ ಎಲ್ಲದಕ್ಕೂ ಒಟ್ಟಿಗೇ ಷರತ್ತು ಹಾಕಿದ್ರೆ ಮೊದಲ ವಾರ ಯಾರೂ ಗೆಲ್ಲಲ್ಲ, ಗೆಲ್ಲದವನು ಎರಡನೇ ವಾರ ಬರೋದೂ ಇಲ್ಲ. ಅತಿ ಹೆಚ್ಚು ಹಾನಿ ಮಾಡ್ತಿರೋ ಒಂದನ್ನ ಆರ್ಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ವಿಮೆ ದುಡ್ಡಲ್ಲಿ 2023ರಲ್ಲಿ ಶುರುವಾದ ಸ್ಕೀಮ್‌ನಲ್ಲೂ ಬಹುಮಾನ ಕಟ್ಟಿರೋದು ಮೆತ್, ಕೊಕೇನ್ ತರದ ಉತ್ತೇಜಕಗಳಿಗೆ ಮಾತ್ರ, ಬೇರೇದು ಟೆಸ್ಟ್‌ನಲ್ಲಿ ಕಂಡ್ರೆ ಅದರ ಬಗ್ಗೆ ಮಾತಾಡ್ತಾರೆ, ಬಹುಮಾನ ಕಟ್ ಮಾಡಲ್ಲ.

ಗುರಿಗೆ ಇನ್ನೊಂದು ಷರತ್ತು: ಅದನ್ನ ಅಳೆಯೋಕೆ ಆಗ್ಬೇಕು. ವೈಟ್ನರ್, ಸೊಲ್ಯೂಷನ್ ಮೂಸೋ ಹುಡುಗ್ರಿಗೆ ಸುಲಭದ ಸ್ಟ್ರಿಪ್ ಇಲ್ಲ. ಅಂಥಲ್ಲಿ "ಬಿಟ್ಟಿದೀಯಾ" ಅಂತ ಕೇಳಿ ಅವನ ಮಾತಿನ ಮೇಲೆ ಬಹುಮಾನ ಕೊಟ್ರೆ ಸುಳ್ಳು ಹೇಳೋದನ್ನ ನೀವೇ ಕಲಿಸಿದ ಹಾಗೆ. ಬದಲಿಗೆ ಹಾಜರಾತಿಗೆ ಕೊಡಿ: ಕೌನ್ಸೆಲಿಂಗ್‌ಗೆ ಹೇಳಿದ ಟೈಮ್‌ಗೆ ಬಂದ, ರಿಜಿಸ್ಟರ್‌ನಲ್ಲಿ ಸೈನ್ ಇದೆ, ಮುಗೀತು. ಮಾತ್ರೆಯನ್ನ ಎದುರಿಗೇ ನುಂಗೋದು ಕೂಡ ಇದೇ ತರ ಕಣ್ಣಾರೆ ನೋಡಬಹುದಾದ ಗುರಿ.

## ಹಂತ 3: ಸಾಮಾನು ಒಟ್ಟು ಮಾಡ್ಕೊಳ್ಳಿ

ಯೂರಿನ್ ಡ್ರಗ್ ಟೆಸ್ಟ್ ಸ್ಟ್ರಿಪ್ ಅಥವಾ ಕಪ್, ಗ್ಲೌಸ್, ಉಷ್ಣಾಂಶ ತೋರಿಸೋ ಪಟ್ಟಿ ಅಂಟಿಸಿರೋ ಕಪ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಒಬ್ಬೊಬ್ಬರಿಗೆ ಒಂದು ಕಾರ್ಡು, ಒಂದು ದಪ್ಪ ರಿಜಿಸ್ಟರ್, ಬೀಗ ಹಾಕೋ ಡ್ರಾಯರ್, ಅದರೊಳಗೆ ಮೊದಲೇ ತಂದಿಟ್ಟ ಬಹುಮಾನ. ಕೊನೇದನ್ನ ಜನ ಮರೀತಾರೆ. "ವೋಚರ್ ಮುಂದಿನ ವಾರ ಬರತ್ತೆ" ಅಂದ ದಿನ ನಿಮ್ಮ ಪ್ರೋಗ್ರಾಂ ಮುಗೀತು ಅಂತ್ಲೇ ಲೆಕ್ಕ.

ಸ್ಟ್ರಿಪ್ ತರೋವಾಗ ಡಬ್ಬಿ ಮೇಲೆ ಏನೇನು ಹಿಡಿಯತ್ತೆ ಅಂತ ಓದಿ. ಸಾಮಾನ್ಯ ಓಪಿಯೇಟ್ ಸ್ಟ್ರಿಪ್ ಹೆರಾಯಿನ್, ಮಾರ್ಫಿನ್, ಕೊಡೀನ್ ಹಿಡಿಯತ್ತೆ, ಆದ್ರೆ ಟಪೆಂಟಡಾಲ್, ಟ್ರಮಡಾಲ್, ಬುಪ್ರೆನಾರ್ಫಿನ್ ಹಿಡಿಯಲ್ಲ, ಅವುಕ್ಕೆ ಬೇರೆ ಬೇರೆ ಸ್ಟ್ರಿಪ್ ಬೇಕು. ಮೆಡಿಕಲ್ ಶಾಪ್ ಮಾತ್ರೆ ಕರಗಿಸಿ ಚುಚ್ಕೊಳ್ಳೋ ಹುಡುಗನಿಗೆ ಓಪಿಯೇಟ್ ಸ್ಟ್ರಿಪ್ ಇಟ್ಕೊಂಡು "ನೋಡಿ ಎಷ್ಟು ಚೆನ್ನಾಗಿ ಕ್ಲೀನ್ ಬರ್ತಿದೆ" ಅಂತ ಖುಷಿ ಪಡೋದನ್ನ ನೋಡಿದೀನಿ. ಸಿಂಥೆಟಿಕ್ ಗಾಂಜಾ ಕೂಡ ಮಾಮೂಲಿ ಗಾಂಜಾ ಸ್ಟ್ರಿಪ್‌ಗೆ ಸಿಗಲ್ಲ.

ಬಹುಮಾನ ಏನಿರ್ಬೇಕು ಅಂದ್ರೆ ಅವನಿಗೆ ಬೇಕಾಗಿರೋದು, ನಿಮಗೆ ಸರಿ ಅನ್ಸಿದ್ದಲ್ಲ. ಮೊಬೈಲ್ ರೀಚಾರ್ಜ್, ಬಸ್ ಪಾಸ್, ದಿನಸಿ ಕೂಪನ್, ಮಕ್ಕಳ ನೋಟ್‌ಬುಕ್ಕು, ಜಿಮ್ ಫೀಸು, ಕರೆಂಟ್ ಬಿಲ್ ಕಟ್ಟೋದು, ಶೂ. ಒಂದು ಪಟ್ಟಿ ಮಾಡಿ ಅವರ ಮುಂದೇನೇ ಇಟ್ಟು ಗುರುತು ಹಾಕ್ಸಿ. ಭಗವದ್ಗೀತೆ ಪುಸ್ತಕ, ವಾಟರ್ ಬಾಟ್ಲು, ಸಂಸ್ಥೆ ಹೆಸರು ಪ್ರಿಂಟ್ ಆಗಿರೋ ಟೀ ಶರ್ಟು ಕೊಟ್ರೆ ಯಾರೂ ಬರಲ್ಲ, ಅದರಲ್ಲೂ ಡೀ-ಅಡಿಕ್ಷನ್ ಸೆಂಟರ್ ಹೆಸರಿರೋ ಟೀ ಶರ್ಟ್ ಹಾಕ್ಕೊಂಡು ಬೀದೀಲಿ ಯಾರು ಓಡಾಡ್ತಾರೆ ಹೇಳಿ. ಕ್ಯಾಶ್, ಯುಪಿಐ ಬೇಡ ಅನ್ನೋದು ನನ್ನ ಸಲಹೆ, ಸುಲಭವಾಗಿ ಮಾರಿಬಿಡಬಹುದಾದ ವಸ್ತುಗಳೂ ಬೇಡ. ಕೂಪನ್ ಕೊಡೋ ಅಂಗಡಿ ಸಿಗರೇಟ್ ಮಾರತ್ತಾ ಅಂತಾನೂ ನೋಡಿ, ಮಾರೋ ಹಾಗಿದ್ರೆ ಮಾಲೀಕರ ಹತ್ರ ಮೊದಲೇ ಮಾತಾಡಿ.

## ಹಂತ 4: ಟೆಸ್ಟ್ ಯಾವಾಗ ಯಾವಾಗ

ಅತಿ ಹೆಚ್ಚು ಜನ ಎಡವೋದು ಇಲ್ಲೇ, ಸ್ವಲ್ಪ ನಿಧಾನ ಓದಿ.

ಡ್ರಗ್ ಯೂರಿನ್‌ನಲ್ಲಿ ಎಷ್ಟು ದಿನ ಕಾಣತ್ತೆ ಅನ್ನೋದರ ಮೇಲೆ ಟೆಸ್ಟ್ ದಿನ ನಿಂತಿರತ್ತೆ. ಕೊಕೇನ್, ಮೆತ್, ಹೆರಾಯಿನ್ ಸುಮಾರು 2–3 ದಿನ. ತಿಂಗಳಿಗೊಂದು ಟೆಸ್ಟ್ ಮಾಡಿದ್ರೆ 27 ದಿನ ತಗೊಂಡು 3 ದಿನ ಬಿಟ್ಟು ಬಂದವನೂ ಕ್ಲೀನ್! ಅದಕ್ಕೇ ವಾರಕ್ಕೆ ಮೂರು ಸಲ (ಸೋಮ, ಬುಧ, ಶುಕ್ರ) ಅಥವಾ ಕನಿಷ್ಠ ಎರಡು ಸಲ (ಸೋಮ, ಗುರು). ಮೂರು ಸಲ ಮಾಡಿದ್ರೆ ಹೆಚ್ಚೂಕಮ್ಮಿ ಯಾವ ದಿನ ತಗೊಂಡ್ರೂ ಸಿಕ್ಕಿಬೀಳತ್ತೆ, ಆದ್ರೆ ಒಂದೇ ಸಲ ತಗೊಂಡಿದ್ದು ಎರಡು ಟೆಸ್ಟ್‌ನಲ್ಲಿ ಕಾಣೋ ಚಾನ್ಸ್ ಇದೆ, ಅವನಿಗೆ ಒಂದು ತಪ್ಪಿಗೆ ಎರಡು ಶಿಕ್ಷೆ ಆದ ಹಾಗೆ. ಎರಡೇ ಸಲ, ಮಧ್ಯೆ 72 ಗಂಟೆ ಬಿಟ್ಟು ಮಾಡಿದ್ರೆ ಆ ಅನ್ಯಾಯ ಕಮ್ಮಿ, ಆದ್ರೆ ಗುರುವಾರ ಸಂಜೆ ತಗೊಂಡಿದ್ದು ಸೋಮವಾರಕ್ಕೆ ತಪ್ಪಿಸ್ಕೊಳ್ಳಬಹುದು. ಸಣ್ಣ ಸೆಂಟರ್‌ಗೆ ವಾರಕ್ಕೆ ಎರಡು ಸಾಕು ಅನ್ನೋದು ನನ್ನ ಲೆಕ್ಕ, ಮೂರು ಅಂತ ಶುರು ಮಾಡಿ ಸ್ಟ್ರಿಪ್ ಖಾಲಿ ಆಗಿ ಒಂದಕ್ಕೆ ಇಳಿಯೋದಕ್ಕಿಂತ ಎರಡನ್ನೇ ಬಿಡದೆ ನಡೆಸೋದು ಎಷ್ಟೋ ವಾಸಿ.

ಗಾಂಜಾದ್ದು ಬೇರೆ ಕಥೆ. ದಿನಾ ಸೇದೋನ ಯೂರಿನ್‌ನಲ್ಲಿ ಬಿಟ್ಟ ಮೇಲೂ ಮೂರ್ನಾಲ್ಕು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಪಾಸಿಟಿವ್ ಬರ್ತಾನೇ ಇರತ್ತೆ. ಅವನು ಪ್ರಾಮಾಣಿಕವಾಗಿ ಬಿಟ್ಟು ಹತ್ತನೇ ದಿನಕ್ಕೆ ಬಂದು ನಿಂತಿದ್ರೆ ನೀವು "ಪಾಸಿಟಿವ್, ಬಹುಮಾನ ಇಲ್ಲ, ಸುಳ್ಳು ಹೇಳ್ತೀಯಾ" ಅಂದ್ರೆ ಅವನು ಅವತ್ತೇ ಸಂಜೆ ಸೇದ್ತಾನೆ, ಅವನ ಜಾಗದಲ್ಲಿ ಯಾರಿದ್ರೂ ಅಷ್ಟೇ. ಮೊದಲ ಕೆಲವು ವಾರ ಹಾಜರಾತಿಗೆ ಬಹುಮಾನ ಕೊಡಿ, ಯೂರಿನ್ ಒಂದು ಸಲ ಕ್ಲೀನ್ ಆದ ಮೇಲೆ ಟೆಸ್ಟ್‌ಗೆ ಬದಲಾಯಿಸಿ.

ಕುಡಿತಕ್ಕೆ ಊದಿಸೋ ಮಷಿನ್ ಕೆಲವು ಗಂಟೆ ಹಿಂದಿನದನ್ನ ಮಾತ್ರ ಹೇಳತ್ತೆ, ರಾತ್ರಿ ಕುಡಿದು ಮಾರನೇ ದಿನ ಮಧ್ಯಾಹ್ನ ಬಂದ್ರೆ ಸೊನ್ನೆ. ಇಟಿಜಿ ಅನ್ನೋ ಯೂರಿನ್ ಸ್ಟ್ರಿಪ್ ಮೂರು ದಿನದವರೆಗೂ ಹಿಡಿಯಬಹುದು, ಆದ್ರೆ ಸ್ಯಾನಿಟೈಸರ್ ವಿಪರೀತ ಬಳಸೋರಿಗೂ ಪಾಸಿಟಿವ್ ಬಂದೀತು, ನೆನಪಿರ್ಲಿ.

## ಹಂತ 5: ಎಷ್ಟು ಕೊಡೋದು, ಹೇಗೆ ಏರ್ಸೋದು

ಕೊಕೇನ್ ಬಿಡಿಸೋಕೆ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಹಿಗಿನ್ಸ್ ತಂಡ ಕಟ್ಟಿದ ಲೆಕ್ಕವೇ ಇವತ್ತಿಗೂ ಮೂಲ ಅಚ್ಚು. 12 ವಾರ, ವಾರಕ್ಕೆ ಮೂರು ಟೆಸ್ಟ್. ಮೊದಲ ಕ್ಲೀನ್‌ಗೆ ಎರಡೂವರೆ ಡಾಲರ್, ಆಮೇಲೆ ಪ್ರತಿ ಕ್ಲೀನ್‌ಗೂ ಒಂದೂಕಾಲು ಡಾಲರ್ ಏರಿಕೆ, ಸತತ ಮೂರು ಕ್ಲೀನ್ ಆದ್ರೆ 10 ಡಾಲರ್ ಬೋನಸ್. ತಪ್ಪಿದ್ರೆ ಮತ್ತೆ ಎರಡೂವರೆಗೆ, ಸತತ ಐದು ಕ್ಲೀನ್ ಕೊಟ್ರೆ ಹಳೇ ಎತ್ತರಕ್ಕೆ ವಾಪಸ್. ಒಂದೂ ತಪ್ಪದವನಿಗೆ ಒಟ್ಟು 997.50 ಡಾಲರ್.

ಡಾಲರನ್ನ ರೂಪಾಯಿಗೆ ಗುಣಿಸ್ಕೊಂಡು ಗಾಬರಿ ಆಗೋದು ಬೇಡ, ಅಚ್ಚು ತಗೊಳ್ಳಿ, ಮೊತ್ತ ನಿಮ್ಮದು ಹಾಕಿ. ವಾರಕ್ಕೆ ಎರಡು ಟೆಸ್ಟ್, 12 ವಾರ, ಅಂದ್ರೆ 24 ಟೆಸ್ಟ್‌ಗೆ ನಾನು ಸೂಚಿಸೋದು ಹೀಗೆ:

- ಮೊದಲ ಕ್ಲೀನ್: 50 ರೂಪಾಯಿ ಬೆಲೆಯ ವಸ್ತು.
- ಆಮೇಲೆ ಸತತ ಪ್ರತಿ ಕ್ಲೀನ್‌ಗೂ 10 ರೂಪಾಯಿ ಏರಿಕೆ. 16ನೇ ಕ್ಲೀನ್‌ಗೆ 200 ಮುಟ್ಟತ್ತೆ, ಅಲ್ಲಿಗೆ ನಿಲ್ಲಿಸಿ.
- ಪಾಸಿಟಿವ್ ಬಂದ್ರೆ ಅಥವಾ ಹೇಳದೆ ತಪ್ಪಿಸ್ಕೊಂಡ್ರೆ ಅವತ್ತು ಸೊನ್ನೆ, ಮುಂದಿನ ಕ್ಲೀನ್‌ಗೆ ಮತ್ತೆ 50.
- ಬಿದ್ದ ಮೇಲೆ ಸತತ ಮೂರು ಕ್ಲೀನ್ ಕೊಟ್ರೆ ನಾಲ್ಕನೇದಕ್ಕೆ ಹಳೇ ಎತ್ತರ ವಾಪಸ್.

ಉದಾಹರಣೆಗೆ 8ನೇ ಟೆಸ್ಟ್‌ಗೆ 120 ತಗೊಂಡವನು 9ನೇದರಲ್ಲಿ ಬಿದ್ದ ಅನ್ಕೊಳ್ಳಿ. 10, 11, 12ನೇದಕ್ಕೆ 50, 60, 70 ಸಿಗತ್ತೆ, 13ನೇದಕ್ಕೆ ನೇರ 120. ಈ ವಾಪಸ್ ಹತ್ತೋ ಏಣಿ ಇಡದೇ ಇದ್ರೆ ಎಂಟು ಸಲ ಗೆದ್ದು ಒಂದು ಸಲ ಬಿದ್ದವನು "ಎಲ್ಲಾ ಹೋಯ್ತಲ್ಲ, ಇನ್ನೇನಿದೆ" ಅಂತ ಹೊರಟೇ ಹೋಗ್ತಾನೆ. ಬಿಟ್ಟುಹೋಗೋದು ಹೆಚ್ಚಾಗಿ ಬಿದ್ದ ಮೊದಲ ವಾರದಲ್ಲೇ.

ಒಂದೂ ತಪ್ಪದಿದ್ರೆ ಒಬ್ಬರಿಗೆ ಆಗೋ ಒಟ್ಟು ಖರ್ಚು 3,600 ರೂಪಾಯಿ, ಸ್ಟ್ರಿಪ್ ಖರ್ಚು ಬೇರೆ. 10 ಜನರಿಗೆ 36,000. ಎಲ್ಲರೂ ಪೂರ್ತಿ ಗೆಲ್ಲಲ್ಲ, ಆದ್ರೂ ಪೂರ್ತಿ ಮೊತ್ತ ಕೈಲಿಟ್ಕೊಂಡೇ ಶುರು ಮಾಡಿ. ದಾನಿಗಳು ಆರನೇ ವಾರಕ್ಕೆ ಕೊಡ್ತೀನಿ ಅಂದಿದಾರೆ ಅನ್ನೋ ಭರವಸೆ ಮೇಲೆ ಬೇಡ. ದುಡ್ಡು 5 ಜನಕ್ಕೆ ಮಾತ್ರ ಇದ್ರೆ 5 ಜನರನ್ನೇ ತಗೊಳ್ಳಿ, ಮೊತ್ತ ಅರ್ಧ ಮಾಡಿ ಹತ್ತು ಜನರನ್ನ ಸೇರಿಸ್ಬೇಡಿ.

ಯಾಕಂದ್ರೆ ಮೊತ್ತ ಚಿಕ್ಕದಾದಷ್ಟೂ ಕೆಲಸ ಮಾಡೋದು ಕಮ್ಮಿ. 1999ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕೆನೆತ್ ಸಿಲ್ವರ್‌ಮನ್ ತಂಡ ಮಾಮೂಲಿ ಬಹುಮಾನಕ್ಕೆ ಬಗ್ಗದ ರೋಗಿಗಳನ್ನೇ ಆರಿಸ್ಕೊಂಡು, ಒಂಬತ್ತು ವಾರ ಒಂದು ಸಲ ಬಹುಮಾನ ಇಲ್ಲದೆ, ಒಂದು ಸಲ 382 ಡಾಲರ್‌ವರೆಗೆ, ಒಂದು ಸಲ 3,480 ಡಾಲರ್‌ವರೆಗೆ ಇಟ್ಟು ನೋಡಿದ್ರು. ದೊಡ್ಡ ಮೊತ್ತದಲ್ಲೇ ಅವರಲ್ಲಿ ಹಲವರು ದೀರ್ಘ ಕಾಲ ಕ್ಲೀನ್ ಇದ್ದಿದ್ದು. ನಮ್ಮಲ್ಲಿ ಅಷ್ಟು ಯಾರೂ ಕೊಡೋಕಾಗಲ್ಲ ಬಿಡಿ, ಆದ್ರೆ ದಿನಗೂಲಿ 700–800 ದುಡಿಯೋನಿಗೆ ಒಂದು ಪೆನ್ನು ಕೊಟ್ಟು ಚಟ ಬಿಡ್ಲಿ ಅಂತ ಕಾಯೋದು ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಕ್ಯಾಲಿಫೋರ್ನಿಯಾ ಸ್ಕೀಮ್ ಹೆಚ್ಚು ಉದ್ದ, 24 ವಾರ. ಮೊದಲ 12 ವಾರ ವಾರಕ್ಕೆ ಎರಡು ಟೆಸ್ಟ್, 10 ಡಾಲರ್‌ನಿಂದ ಶುರುವಾಗಿ ವಾರ ವಾರ ಒಂದೂವರೆ ಡಾಲರ್ ಏರಿ 26.50ಕ್ಕೆ ಬರತ್ತೆ, ಉಳಿದ 12 ವಾರ ವಾರಕ್ಕೊಂದೇ ಟೆಸ್ಟ್, ಮೊತ್ತಾನೂ ಕಮ್ಮಿ, ಎಲ್ಲಾ ಸೇರಿ 599 ಡಾಲರ್. ಕೊನೇಲಿ ನಿಧಾನ ಇಳಿಸೋ ಈ ಕ್ರಮ ನೋಡ್ಕೊಂಡಿರಿ, ಹಂತ 10ರಲ್ಲಿ ಬೇಕಾಗತ್ತೆ.

## ಹಂತ 6: ದುಡ್ಡು ಕಮ್ಮಿ ಇದ್ರೆ ಚೀಟಿ ಎತ್ತಿಸೋ ಪದ್ಧತಿ

ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ ಮಾಡಿದ್ದು ಇದು. ಒಂದು ಪಾತ್ರೇಲಿ 500 ಚೀಟಿ. 250ರಲ್ಲಿ ಬರೀ ಹೊಗಳಿಕೆ, 209ರಲ್ಲಿ ಸಣ್ಣ ಬಹುಮಾನ, 40ರಲ್ಲಿ ಮಧ್ಯಮ, ಒಂದೇ ಒಂದರಲ್ಲಿ ದೊಡ್ಡದು. ಕ್ಲೀನ್ ಬಂದಷ್ಟೂ ಎತ್ತೋ ಚೀಟಿ ಸಂಖ್ಯೆ ಏರತ್ತೆ.

ಸಣ್ಣ ಸೆಂಟರ್‌ಗೆ 100 ಚೀಟಿ ಸಾಕು: 50 "ಶಭಾಷ್", 42ಕ್ಕೆ 20 ರೂಪಾಯಿ ವಸ್ತು, 7ಕ್ಕೆ 150, ಒಂದಕ್ಕೆ 1,000. ಹೀಗೆ ಇಟ್ರೆ ಒಂದು ಎತ್ತುವಿಕೆಗೆ ಸರಾಸರಿ 29 ರೂಪಾಯಿ ಬೀಳತ್ತೆ. ಮೊದಲ ಕ್ಲೀನ್‌ಗೆ 1 ಚೀಟಿ, ಎರಡನೇದಕ್ಕೆ 2, ಹೀಗೆ 8ರವರೆಗೆ ಏರಿಸಿ ಅಲ್ಲಿ ನಿಲ್ಲಿಸಿದ್ರೆ 24 ಟೆಸ್ಟ್‌ಗೂ ಕ್ಲೀನ್ ಇದ್ದವನು 164 ಚೀಟಿ ಎತ್ತುತ್ತಾನೆ, ಸರಾಸರಿ ಖರ್ಚು 4,700 ಚಿಲ್ಲರೆ. ಲೆಕ್ಕ ಹಾಕಿದ್ರೆ ಇದು ಮೇಲಿನ ಏಣಿಗಿಂತ ಜಾಸ್ತಿನೇ ಆಯ್ತಲ್ಲ ಅಂತೀರಾ, ಹೌದು. 5ಕ್ಕೆ ನಿಲ್ಲಿಸಿದ್ರೆ 110 ಚೀಟಿ, ಸುಮಾರು 3,200. ಉಳಿತಾಯ ಎಲ್ಲಿ ಅಂದ್ರೆ ಮೊದಮೊದಲ ವಾರಗಳಲ್ಲಿ ಕಮ್ಮಿ ಖರ್ಚಲ್ಲಿ ಕುತೂಹಲ ಉಳಿಯತ್ತೆ.

ಎತ್ತಿದ ಚೀಟಿ ಪ್ರತಿ ಸಲ ವಾಪಸ್ ಪಾತ್ರೆಗೆ ಹಾಕ್ಬೇಕು, ಇಲ್ಲಾಂದ್ರೆ ಲೆಕ್ಕ ಕೆಡತ್ತೆ. 1,000ದ ಬಹುಮಾನ ಗಾಜಿನ ಬೀರುವಲ್ಲಿ ಕಣ್ಣಿಗೆ ಕಾಣೋ ಹಾಗೆ ಇರ್ಲಿ. ಯಾರಿಗಾದ್ರೂ ಅದು ಬಂದ್ರೆ ಮಾರನೇ ದಿನವೇ ಇನ್ನೊಂದು ತಂದಿಡಿ. ಮತ್ತೆ ಜೂಜು, ಆನ್‌ಲೈನ್ ರಮ್ಮಿ, ಬೆಟ್ಟಿಂಗ್ ಚಟ ಇರೋರಿಗೆ ಚೀಟಿ ಬೇಡವೇ ಬೇಡ, ಅವರಿಗೆ ಹಂತ 5ರ ನೇರ ಏಣಿ.

## ಹಂತ 7: ಒಪ್ಪಂದ ಬರೆದು ಸೈನ್ ಹಾಕ್ಸಿ

ಒಂದೇ ಪುಟ, ಸರಳ ಕನ್ನಡದಲ್ಲಿ. ಯಾವ ಡ್ರಗ್, ಯಾವ ದಿನ ಯಾವ ಹೊತ್ತು, ಎಷ್ಟರಿಂದ ಶುರು, ಎಷ್ಟು ಏರತ್ತೆ, ಬಿದ್ರೆ ಏನಾಗತ್ತೆ, ಯಾವ ಗೈರುಹಾಜರಿಗೆ ವಿನಾಯಿತಿ (ಆಸ್ಪತ್ರೆ, ಸಾವು, ಕೋರ್ಟ್ ಡೇಟು, ಹಿಂದಿನ ದಿನ ಫೋನ್ ಮಾಡಿ ಚೀಟಿ ತೋರಿಸಿದ್ರೆ ಮಾತ್ರ). ಓದೋಕೆ ಬರದವರಿಗೆ ಓದಿ ಹೇಳಿ, ಆಮೇಲೆ ಅವರ ಬಾಯಿಂದಲೇ ವಾಪಸ್ ಹೇಳ್ಸಿ.

ಗಳಿಸಿದ್ದು ಯಾವ ಕಾರಣಕ್ಕೂ ವಾಪಸ್ ಕಿತ್ಕೊಳ್ಳಲ್ಲ ಅನ್ನೋ ಸಾಲು ದಪ್ಪ ಅಕ್ಷರದಲ್ಲಿರ್ಲಿ. ಕೌನ್ಸೆಲರ್ ಜೊತೆ ಜಗಳ ಆಡಿದ, ಬೈದ, ಮನೇಲಿ ಗಲಾಟೆ ಮಾಡಿದ, ಏನೇ ಆಗ್ಲಿ, ಟೆಸ್ಟ್ ಕ್ಲೀನ್ ಅಂದ್ರೆ ಬಹುಮಾನ ಅವನದ್ದು.

ಟೆಸ್ಟ್ ರಿಸಲ್ಟ್ ಯಾರು ನೋಡ್ತಾರೆ ಅಂತಾನೂ ಬರೀರಿ. 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ ಪ್ರಕಾರ ಮದ್ಯ, ಡ್ರಗ್ಸ್‌ನಿಂದಾಗೋ ಮಾನಸಿಕ ಸಮಸ್ಯೆಗಳೂ ಮಾನಸಿಕ ಕಾಯಿಲೆ ವ್ಯಾಖ್ಯೆಯೊಳಗೇ ಬರತ್ತೆ, ಅವರ ಮಾಹಿತಿ ಗುಟ್ಟಾಗಿಡೋದು ಅವರ ಹಕ್ಕು. ಕಾಲೇಜಿಗೆ, ಮ್ಯಾನೇಜರ್‌ಗೆ, ಹೆಣ್ಣು ಕೊಡೋಕೆ ಬಂದ ಬೀಗರಿಗೆ ರಿಸಲ್ಟ್ ಹೇಳೋ ಹಾಗಿಲ್ಲ. "ಟೆಸ್ಟ್ ಪಾಸಿಟಿವ್ ಬಂದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರಾ" ಅಂತ ಎಲ್ಲರೂ ಕೇಳ್ತಾರೆ. ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾಯ್ದೆ) 64ಎ ಸೆಕ್ಷನ್‌ನಲ್ಲಿ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಬಿದ್ದಿರೋ ವ್ಯಸನಿ ತಾನಾಗೇ ಸರ್ಕಾರ ಮಾನ್ಯ ಮಾಡಿರೋ ಕಡೆ ಚಿಕಿತ್ಸೆಗೆ ಬಂದ್ರೆ ವಿಚಾರಣೆಯಿಂದ ರಕ್ಷಣೆ ಇದೆ, ಆದ್ರೆ ಚಿಕಿತ್ಸೆ ಪೂರ್ತಿ ಮಾಡ್ಬೇಕು. ಕೇಸ್ ಈಗಾಗ್ಲೇ ನಡೀತಿದ್ರೆ ವಕೀಲರ ಹತ್ರ ಕೇಳೋದೇ ಸರಿ.

## ಹಂತ 8: ಟೆಸ್ಟ್ ದಿನ ಏನು ಮೊದಲು, ಏನು ಆಮೇಲೆ

1. ಬಂದ ತಕ್ಷಣ ನಗುಮುಖ, ಕುಶಲ, ಅಷ್ಟೇ. "ತಗೊಂಡಿದೀಯಾ" ಅಂತ ವಿಚಾರಣೆ ಬೇಡ.

2. ಬ್ಯಾಗು, ಜಾಕೆಟ್ಟು ಹೊರಗೆ. ಅದೇ ಲಿಂಗದ ಸಿಬ್ಬಂದಿ ಬಾತ್‌ರೂಮ್ ಬಾಗಿಲ ಹತ್ರ. ಒಳಗೆ ನಲ್ಲಿ ನೀರು ನಿಲ್ಲಿಸಿ, ನೀರು ಬೆರೆಸೋದೇ ಅತಿ ಸಾಮಾನ್ಯ ಮೋಸ.

3. ಕಪ್ ಕೈಗೆ ಬಂದ ನಾಲ್ಕು ನಿಮಿಷದೊಳಗೆ ಉಷ್ಣಾಂಶ ನೋಡಿ, 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರ್ಬೇಕು. ತಣ್ಣಗಿದ್ರೆ ಅದು ಯಾರದ್ದೋ, ಯಾವಾಗಿನದ್ದೋ. ಜಗಳ ಬೇಡ, ನೀರು ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸ್ಯಾಂಪಲ್ ಕೇಳಿ.

4. ಸ್ಟ್ರಿಪ್ ಅದ್ದಿ, ಪ್ಯಾಕೆಟ್ ಮೇಲೆ ಬರೆದಿರೋ ನಿಮಿಷಕ್ಕೆ ಸರಿಯಾಗಿ ಓದಿ. ಅವನೂ ನಿಮ್ಮ ಜೊತೆ ನೋಡ್ಲಿ. ಅರ್ಧ ಗಂಟೆ ಬಿಟ್ಟು ನೋಡಿದ ಗೆರೆಗೆ ಬೆಲೆ ಇಲ್ಲ.

5. ಗೆರೆ ಓದೋದು ತುಂಬಾ ಜನಕ್ಕೆ ಉಲ್ಟಾ ಆಗತ್ತೆ. ಈ ಸ್ಟ್ರಿಪ್‌ನಲ್ಲಿ ಎರಡು ಗೆರೆ ಅಂದ್ರೆ ನೆಗೆಟಿವ್, ಅಂದ್ರೆ ಕ್ಲೀನ್. ಮೇಲಿನ ಕಂಟ್ರೋಲ್ ಗೆರೆ ಒಂದೇ ಬಂದು ಕೆಳಗಿನ ಟೆಸ್ಟ್ ಗೆರೆ ಬರದೇ ಇದ್ರೆ ಪಾಸಿಟಿವ್. ಟೆಸ್ಟ್ ಗೆರೆ ಎಷ್ಟೇ ಮಸುಕಾಗಿದ್ರೂ ನೆಗೆಟಿವ್ವೇ, "ಸ್ವಲ್ಪ ತಗೊಂಡಿದಾನೆ ಅನ್ಸತ್ತೆ" ಅನ್ನೋ ಮಾತಿಲ್ಲ. ಕಂಟ್ರೋಲ್ ಗೆರೆನೇ ಇಲ್ಲಾಂದ್ರೆ ಸ್ಟ್ರಿಪ್ ಕೆಟ್ಟಿದೆ, ಹೊಸದು ಬಳಸಿ. ಪ್ರೆಗ್ನೆನ್ಸಿ ಟೆಸ್ಟ್ ಓದಿ ಅಭ್ಯಾಸ ಆದವರು ಇಲ್ಲಿ ತಪ್ಪೋದು ಜಾಸ್ತಿ.

6. ಕ್ಲೀನ್ ಆದ್ರೆ ಆ ಕ್ಷಣಕ್ಕೇ ಬಹುಮಾನ ಕೈಗೆ, ರಿಜಿಸ್ಟರ್‌ನಲ್ಲಿ ಸೈನ್. ಆಮೇಲೆ "ಮುಂದಿನ ಸಲ ಕ್ಲೀನ್ ಬಂದ್ರೆ ಇಷ್ಟು" ಅಂತ ಮೊತ್ತ ಹೇಳಿ ಕಾರ್ಡಲ್ಲಿ ಬರೆದುಕೊಡಿ. ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ, ಭಾಷಣ ಇಲ್ಲದೆ.

ನಡುವೆ ಒಂದು ಮಾತು, ನಮ್ಮ ಕಡೆ ಹಬ್ಬ ಬಂತಂದ್ರೆ ಗಸಗಸೆ ಪಾಯಸ. ಗಸಗಸೇಲಿ ಸ್ವಲ್ಪ ಮಾರ್ಫಿನ್, ಕೊಡೀನ್ ಇರತ್ತೆ, ಓಪಿಯೇಟ್ ಸ್ಟ್ರಿಪ್‌ನಲ್ಲಿ ಪಾಸಿಟಿವ್ ಬರಬಹುದು. ಕೊಡೀನ್ ಇರೋ ಕೆಮ್ಮಿನ ಸಿರಪ್ಪೂ ಅಷ್ಟೇ, ಕೆಲವು ನೆಗಡಿ ಮಾತ್ರೆ ಆಂಫೆಟಮಿನ್ ಸ್ಟ್ರಿಪ್ ಕೆಡಿಸತ್ತೆ. ಪ್ರೋಗ್ರಾಂ ಮುಗಿಯೋವರೆಗೂ ಗಸಗಸೆ ಬೇಡ, ಯಾವ ಮಾತ್ರೆ ತಗೊಂಡ್ರೂ ಮೊದಲೇ ಹೇಳ್ಬೇಕು ಅಂತ ಒಪ್ಪಂದದಲ್ಲೇ ಸೇರ್ಸಿ. ಆದ್ರೂ ಅವನು "ಇಲ್ಲ, ಆಣೆಗೂ ತಗೊಂಡಿಲ್ಲ" ಅಂದ್ರೆ ಸ್ಯಾಂಪಲ್ ಲ್ಯಾಬ್‌ಗೆ ಕಳ್ಸಿ ಖಚಿತ ಮಾಡ್ಸಿ, ನೆಗೆಟಿವ್ ಬಂದ್ರೆ ಬಾಕಿ ಬಹುಮಾನ ಕೊಟ್ಟು ಏಣೀನೂ ಸರಿಮಾಡಿ.

## ಹಂತ 9: ಪಾಸಿಟಿವ್ ಬಂದ ದಿನ

ಪ್ರೋಗ್ರಾಂ ಉಳಿಯೋದೂ ಮುಳುಗೋದೂ ಇವತ್ತೇ. ಹೇಳ್ಬೇಕಾಗಿರೋದು ಮೂರೇ ಮಾತು: "ಇವತ್ತು ಪಾಸಿಟಿವ್ ಬಂದಿದೆ, ಹಾಗಾಗಿ ಇವತ್ತು ಬಹುಮಾನ ಇಲ್ಲ. ಬಂದಿದ್ದಕ್ಕೆ ಥ್ಯಾಂಕ್ಸ್. ಗುರುವಾರ ಕ್ಲೀನ್ ಬಂದ್ರೆ 50ರಿಂದ ಮತ್ತೆ ಶುರು, ಮೂರು ಸಲ ಆದ್ರೆ ಹಳೇ ಜಾಗಕ್ಕೆ ವಾಪಸ್." ಅವನೇ ಮಾತಾಡಬೇಕು ಅಂದ್ರೆ ಕೂತು ಕೇಳಿ: ಯಾರ ಜೊತೆ ಇದ್ದ, ಎಷ್ಟು ಹೊತ್ತಲ್ಲಿ, ಸಂಬಳ ಬಂದ ದಿನವಾ.

"ಪಾಪ, ಅಳ್ತಾ ಇದಾನೆ, ಈ ಒಂದ್ಸಲ ಕೊಟ್ಬಿಡಿ" ಅನ್ನೋರು ಸಿಬ್ಬಂದೀಲಿ ಇದ್ದೇ ಇರ್ತಾರೆ. ಕೊಟ್ರೆ ಮುಗೀತು, ವಾರದೊಳಗೆ ಎಲ್ಲರಿಗೂ ಗೊತ್ತಾಗತ್ತೆ, ಆಮೇಲೆ ಬಹುಮಾನ ಸಿಗೋದು ಅಳೋದಕ್ಕೆ. ಇನ್ನೊಂದು ತುದಿ, ಪಾಸಿಟಿವ್ ಬಂದ ಅಂತ ಎಲ್ಲರ ಮುಂದೆ ನಿಲ್ಲಿಸಿ ಬೈಯೋದು, ಬೋರ್ಡಲ್ಲಿ ಹೆಸರು ಬರೆಯೋದು, ಡಿಸ್ಚಾರ್ಜ್ ಮಾಡೋದು. ಎರಡನೇದು ಹೆಚ್ಚು ಹಾನಿ, ಯಾಕಂದ್ರೆ ಮೊದಲನೇದರಲ್ಲಿ ಅವನು ಕನಿಷ್ಠ ವಾಪಸ್ಸಾದ್ರೂ ಬರ್ತಾನೆ.

ಎಚ್ಚರಿಕೆ ಗಂಟೆ ಯಾವುದು ಅಂದ್ರೆ ಸತತ ಮೂರ್ನಾಲ್ಕು ಪಾಸಿಟಿವ್. ಅಂದ್ರೆ ಗುರಿ ಅವನಿಗೆ ಎಟುಕ್ತಿಲ್ಲ, ಅಥವಾ ಬಹುಮಾನ ಅವನಿಗೆ ಬೇಡವಾದದ್ದು, ಅಥವಾ ಔಷಧಿ ಡೋಸ್ ಸಾಕಾಗ್ತಿಲ್ಲ. ಹುಡುಗನನ್ನ ಬದಲಾಯಿಸೋಕೆ ಹೋಗೋಕೂ ಮುಂಚೆ ಈ ಮೂರನ್ನ ನೋಡಿ. ಗುರಿಯನ್ನ ಸ್ವಲ್ಪ ದಿನ ಹಾಜರಾತಿಗೆ ಇಳಿಸೋದ್ರಲ್ಲಿ ಏನೂ ತಪ್ಪಿಲ್ಲ. ಇನ್ನೊಂದು, ಎಲ್ಲರೂ ಎಲ್ಲಾ ವಾರಾನೂ ಕ್ಲೀನ್ ಬರ್ತಿದ್ರೆ ಖುಷಿ ಪಡೋಕೂ ಮುಂಚೆ ಸ್ಯಾಂಪಲ್ ತಗೊಳ್ಳೋ ಕ್ರಮಾನ, ಸ್ಟ್ರಿಪ್ ಎಕ್ಸ್‌ಪೈರಿ ಡೇಟನ್ನ ಒಂದ್ಸಲ ನೋಡಿ.

## ಮನೆಯೋರು ಮಾಡಬಹುದಾ?

ಅರ್ಧ ಮಾಡಬಹುದು. ಯೂರಿನ್ ಟೆಸ್ಟ್ ಮನೇಲಿ ಬೇಡ ಅಂತೀನಿ ನಾನು. ಅಪ್ಪ ಬಾತ್‌ರೂಮ್ ಬಾಗಿಲಲ್ಲಿ ಕಾವಲು ನಿಂತ ಮನೇಲಿ ಆಮೇಲೆ ಮಾತುಕತೆ ಅನ್ನೋದೇ ಉಳಿಯಲ್ಲ. ಟೆಸ್ಟ್ ಆಸ್ಪತ್ರೆಗೋ ಸೆಂಟರ್‌ಗೋ ಬಿಡಿ, ನೀವು ಹಾಜರಾತಿ, ಮಾತ್ರೆ ಇವೆರಡಕ್ಕೆ ಕೊಡಿ. ಓಪಿಡಿಗೆ ಹೋಗಿ ಬಂದ, ಚೀಟಿ ತೋರಿಸ್ದ, ಅದೇ ದಿನ ರೀಚಾರ್ಜ್. ಎಲ್ಲಿಗೆ ಹೋಗ್ಬೇಕು ಗೊತ್ತಿಲ್ಲದೇ ಇದ್ರೆ ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ, ಜಿಲ್ಲಾಸ್ಪತ್ರೆ ಮನೋರೋಗ ವಿಭಾಗದಲ್ಲೂ ಕೇಳಬಹುದು.

ಮನೇಲಿ ಆಗೋ ದೊಡ್ಡ ತಪ್ಪು ಅಂದ್ರೆ ಮೊದಲಿಂದ ಕೊಡ್ತಿದ್ದ ಊಟ, ಫೀಸು, ಫೋನನ್ನ ಕಿತ್ಕೊಂಡು ಅದನ್ನೇ ಬಹುಮಾನ ಅಂತ ವಾಪಸ್ ಕೊಡೋದು. ಅದನ್ನ ಬಹುಮಾನ ಅಂತ ಯಾವ ಮಗಾನೂ ಅನ್ಕೊಳಲ್ಲ. ಹೊಸದೊಂದು ಸೇರಿಸಿ, ಸಣ್ಣದಾದ್ರೂ ಪರವಾಗಿಲ್ಲ. ಬಹುಮಾನ ಕೊಡೋವಾಗ "ಅವತ್ತು ಎಷ್ಟು ಹಾಳು ಮಾಡಿದೆ ಗೊತ್ತಾ" ಅಂತ ಹಳೇ ಲೆಕ್ಕ ತೆಗೀಬೇಡಿ. ಅಜ್ಜಿ ಗುಟ್ಟಾಗಿ ಸೆರಗಿನ ಗಂಟಿಂದ ದುಡ್ಡು ಕೊಡೋದನ್ನೂ ಮೊದಲು ನಿಲ್ಲಿಸಿ, ಬೇರೆ ದಾರೀಲಿ ಸುಲಭವಾಗಿ ಸಿಗೋ ಹಾಗಿದ್ರೆ ನಿಮ್ಮ 50 ರೂಪಾಯಿಗೆ ಯಾರು ಕಷ್ಟ ಪಡ್ತಾರೆ?

## ಹಂತ 10: ಇಳಿಸೋದು ಮತ್ತು ನಿಲ್ಲಿಸೋದು

12 ವಾರ ಆಯ್ತು, ಶಾಲು ಹೊದಿಸಿ ಕಳ್ಸಿದ್ವಿ ಅಂದ್ರೆ ಬಹಳ ಜನ ಕೆಲವೇ ವಾರದಲ್ಲಿ ಜಾರ್ತಾರೆ. "ದುಡ್ಡು ನಿಂತ್ರೆ ಚಟ ವಾಪಸ್, ಹಾಗಾದ್ರೆ ಏನು ಪ್ರಯೋಜನ" ಅನ್ನೋ ಟೀಕೆ ಹುಟ್ಟೋದೂ ಇಲ್ಲಿಂದಲೇ. ಬಹುಮಾನ ಕೊಂಡುಕೊಡೋದು ಸ್ವಲ್ಪ ಕಾಲಾವಕಾಶ, ಆ ಹೊತ್ತಲ್ಲಿ ಬೇರೇದು ಕಟ್ಟದೇ ಇದ್ರೆ ಟೀಕೆ ನಿಜಾನೇ. ಹಾಗಾಗಿ ನಾಲ್ಕನೇ ವಾರದಿಂದ್ಲೇ ಕೆಲಸ, ಓದು, ಕೌನ್ಸೆಲಿಂಗ್, ಸ್ವಸಹಾಯ ಗುಂಪಿನ ಮೀಟಿಂಗ್ ಇವುಗಳನ್ನ ಜೋಡಿಸ್ತಾ ಬನ್ನಿ. ರೀಚಾರ್ಜ್ ಬದಲು ಡ್ರೈವಿಂಗ್ ಕ್ಲಾಸ್ ಫೀಸಿಗೆ ಕೂಡಿಡ್ತೀನಿ ಅಂತ ಅವನೇ ಕೇಳಿದ್ರೆ ತುಂಬಾ ಒಳ್ಳೇ ಸೂಚನೆ, ಕಾರ್ಡಲ್ಲಿ ಬರೆದು ಕೂಡಿಡಿ.

12ನೇ ವಾರ ಆದ್ಮೇಲೆ ಇನ್ನೂ 12 ವಾರ ವಾರಕ್ಕೊಂದು ಟೆಸ್ಟ್, ಕ್ಲೀನ್‌ಗೆ 75 ರೂಪಾಯಿ ಮಟ್ಟದ್ದು, ಏರಿಕೆ ಇಲ್ಲ. ಕೊನೇ ನಾಲ್ಕು ವಾರ ಯಾವ ದಿನ ಅಂತ ಮೊದಲೇ ಹೇಳದೆ ಹಿಂದಿನ ದಿನ ಫೋನ್ ಮಾಡಿ ಕರೀರಿ. ಇದಕ್ಕೆ ಒಬ್ಬರಿಗೆ ಹೆಚ್ಚು ಅಂದ್ರೆ 900 ರೂಪಾಯಿ ಬೇಕು, ಹಂತ 5ರ ಬಜೆಟ್‌ಗೆ ಮೊದಲೇ ಸೇರಿಸ್ಕೊಂಡ್ರೆ 4,500 ಆಗತ್ತೆ.

ಈ ಎರಡನೇ ಭಾಗದಲ್ಲಿ ಸತತ ಎರಡು ಪಾಸಿಟಿವ್ ಬಂದ್ರೆ ವಾರಕ್ಕೊಂದನ್ನ ಬಿಟ್ಟು ಮತ್ತೆ ವಾರಕ್ಕೆ ಎರಡಕ್ಕೆ, 50ರಿಂದ. ಮುಗಿದು ಹೋದ ಮೇಲೆ ಜಾರಿದವನು ಫೋನ್ ಮಾಡಿದ್ರೆ ಹೊಸ ಬ್ಯಾಚ್‌ಗೆ ಕಾಯ್ಸಬೇಡಿ. ಡಾಕ್ಟರ್ ಒಂದ್ಸಲ ನೋಡ್ಲಿ, ಹಳೇ ಕಾರ್ಡಿನ ಹಿಂದೆ ಹೊಸ ತಾರೀಖು ಬರೆದು ಅದೇ ವಾರ ಟೆಸ್ಟ್ ಶುರು ಮಾಡಿ, ಅದಕ್ಕೋಸ್ಕರ ಪ್ರತಿ ಬ್ಯಾಚ್‌ನಲ್ಲೂ ಎರಡು ಜನರ ದುಡ್ಡು, ಸ್ಟ್ರಿಪ್ಪು ಪಕ್ಕಕ್ಕೆ ತೆಗೆದಿಟ್ಟಿರಿ.